ಮೊದಲು ನಿಮ್ಮ ಪರದೆ ತೋರಿಸಿ

ಫೋಟೊ ತಿದ್ದುವ ಗಿಂಪ್ ಎಂಬ ತಂತ್ರಾಂಶವನ್ನು ಇಳಿಸಿಕೊಂಡು ಕಂಪ್ಯೂಟರಿನಲ್ಲಿ ಹಾಕಿಕೊಳ್ಳುವುದರ ಬಗ್ಗೆ ಹೇಳುವಂಥದ್ದೇನೂ ಇಲ್ಲ. ದುಡ್ಡು ಕೊಡಬೇಕಿಲ್ಲ, ಹೆಸರು ನೋಂದಾಯಿಸಬೇಕಿಲ್ಲ. ಕಷ್ಟ ಶುರುವಾಗುವುದು ತೆರೆದ ಮೇಲೆ. ಎಡಗಡೆ ಸಲಕರಣೆಗಳ ಸಾಲು, ಬಲಗಡೆ ಲೇಯರ್‌ಗಳ, ಅಂದರೆ ಒಂದರ ಮೇಲೊಂದು ಕೂರುವ ಚಿತ್ರದ ಪದರಗಳ ಪಟ್ಟಿ, ಮೇಲೆ ಒಂದರೊಳಗೊಂದು ಬಿಚ್ಚಿಕೊಳ್ಳುವ ಮೆನುಗಳು. ನನಗೆ ಬೇಕಿದ್ದದ್ದು ಚಿಕ್ಕ ಕೆಲಸ. ಅಮ್ಮ ಯುವತಿಯಾಗಿದ್ದಾಗ ತೆಗೆಸಿಕೊಂಡ ಒಂದು ಬಣ್ಣದ ಫೋಟೊ ಇತ್ತು, ನಾಲ್ಕು ಅಂಗುಲ ಅಗಲ, ಆರು ಅಂಗುಲ ಎತ್ತರದ್ದು. ವರ್ಷಗಳು ಕಳೆದು ಇಡೀ ಚಿತ್ರ ಕೆಂಪಗಾಗಿತ್ತು. ತೋಳಿನ ಮೇಲಿಂದ ಗೋಡೆಯವರೆಗೆ ಒಂದು ಉದ್ದ ಗೀರು ಬಿದ್ದಿತ್ತು. ಬಲ ಅಂಚಿನಲ್ಲಿ ಯಾರೋ ಅಪರಿಚಿತರೊಬ್ಬರು ಅರ್ಧ ದೇಹ ಒಳಗೆ, ಅರ್ಧ ಹೊರಗೆ ನಿಂತಿದ್ದರು. ಇದನ್ನು ಸರಿಪಡಿಸಿ ದೊಡ್ಡದಾಗಿ ಮುದ್ರಿಸಬೇಕಿತ್ತು.

ಎಲ್ಲರಂತೆ ನಾನೂ ಮೊದಲು ವಿಡಿಯೊಗಳ ಮೊರೆಹೋದೆ. ಫೋಟೊ ತಿದ್ದುವುದನ್ನು ಕಲಿಯಲು ವಿಡಿಯೊದಷ್ಟು ಹಿಂಸೆಯ ದಾರಿ ಇನ್ನೊಂದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಹೇಳುವವರ ಬಾಣದ ಗುರುತು ಸರ್ರನೆ ಮೆನುವಿನೊಳಗೆ ಹೋಗಿ ಹೊರಬರುತ್ತದೆ. ಎಲ್ಲಿ ಒತ್ತಿದರು ಎಂದು ನೋಡಲು ಹಿಂದಕ್ಕೆ ಎಳೆಯಬೇಕು, ಎಳೆದರೆ ಬೇಕಾದ ಕ್ಷಣ ತಪ್ಪಿ ಪೀಠಿಕೆಗೆ ಹೋಗಿ ಬೀಳುತ್ತದೆ. ಅಷ್ಟು ಮಾಡಿ ಕಂಡುಕೊಂಡ ಗುಂಡಿ ನನ್ನ ಪರದೆಯಲ್ಲಿ ಇರುವುದೇ ಇಲ್ಲ. ಪ್ರಶ್ನೆ ಕೇಳಿದರೆ ಉತ್ತರಿಸುವ ಕೃತಕ ಬುದ್ಧಿಮತ್ತೆಯ ಕಾರ್ಯಕ್ರಮವೊಂದನ್ನೂ ಕೇಳಿದೆ. ಅದು ಹುಡುಕಿದರೂ ಸಿಗದ ಮೆನುವಿನ ಹೆಸರನ್ನು ಬಹಳ ವಿನಯದಿಂದ ಹೇಳಿತು. ಇಲ್ಲ ಎಂದಾಗ ಕ್ಷಮೆ ಕೇಳಿ ಇನ್ನೊಂದು ಇಲ್ಲದ ಮೆನುವನ್ನು ತೋರಿಸಿತು.

ಕೊನೆಗೆ ಹಿಂದೆ ಒಂದೇ ಕಡೆ ಕೆಲಸ ಮಾಡುತ್ತಿದ್ದ, ನನಗಿಂತ ಹಿರಿಯರಾದ ಒಬ್ಬರು ನೆನಪಾದರು. ಪುಟವಿನ್ಯಾಸ ಅವರ ವೃತ್ತಿ. ಮನೆಯಲ್ಲಿ ಅವರು ಬಳಸುವುದು ಗಿಂಪ್. ಅವರಿಗೆ ಸಂದೇಶ ಕಳಿಸಿದೆ: "ಮೇಡಂ, ಗಿಂಪ್‌ನಲ್ಲಿ ಒಬ್ಬ ಮನುಷ್ಯನನ್ನು ಅಳಿಸುವುದು ಹೇಗೆ?"

ಉತ್ತರದ ಬದಲು ಮೂರು ಪ್ರಶ್ನೆಗಳು ಬಂದವು. "ಯಾವ ಆವೃತ್ತಿ? ಚಿತ್ರ ಯಾವುದು? ಅಳಿಸಿ ಏನು ಮಾಡುತ್ತೀರಿ?"

ಆವೃತ್ತಿ ಯಾಕೆ ಬೇಕು ಎಂಬುದು ಮಾತಾಡುತ್ತಾ ತಿಳಿಯಿತು. ಗಿಂಪ್ ಹುಟ್ಟಿದ್ದು 1995ರಲ್ಲಿ, ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕಲಿಯಲ್ಲಿ ಓದುತ್ತಿದ್ದ ಸ್ಪೆನ್ಸರ್ ಕಿಂಬಲ್ ಮತ್ತು ಪೀಟರ್ ಮ್ಯಾಟಿಸ್ ಎಂಬ ಇಬ್ಬರು ವಿದ್ಯಾರ್ಥಿಗಳ ಕೈಯಲ್ಲಿ. ಅಂದಿನಿಂದ ಅದನ್ನು ಬೆಳೆಸಿಕೊಂಡು ಬಂದವರು ಬಹುಮಟ್ಟಿಗೆ ಸ್ವಯಂಸೇವಕರು. ಇಷ್ಟು ದೀರ್ಘ ಕಾಲದಲ್ಲಿ ಅದರ ನಡವಳಿಕೆ ಮತ್ತೆ ಮತ್ತೆ ಬದಲಾಗಿದೆ. 2012ರ 2.8 ಆವೃತ್ತಿಗೆ ಮುಂಚೆ 'ಸೇವ್' ಒತ್ತಿ ನೇರವಾಗಿ ಜೆಪೆಗ್ ಆಗಿ ಉಳಿಸಬಹುದಿತ್ತು. ಆಮೇಲೆ 'ಸೇವ್' ಎಂದರೆ ಗಿಂಪ್‌ನ ಸ್ವಂತ ಎಕ್ಸ್‌ಸಿಎಫ್ ಕಡತ ಮಾತ್ರ. ಜೆಪೆಗ್ ಬೇಕಿದ್ದರೆ 'ಎಕ್ಸ್‌ಪೋರ್ಟ್' ಮಾಡಬೇಕು. 2.10ರ ಸರಣಿಯಲ್ಲಿ, 2020ರ ಸುಮಾರಿಗೆ, ಸಲಕರಣೆಗಳನ್ನು ಗುಂಪು ಮಾಡಿ ಒಂದರ ಹಿಂದೆ ಒಂದನ್ನು ಅಡಗಿಸಿಟ್ಟರು. 2025ರ ಮಾರ್ಚ್‌ನಲ್ಲಿ 3.0 ಬಂದಾಗ ಇನ್ನಷ್ಟು ಬದಲಾಯಿತು. ವಿಡಿಯೊದವರು ತೋರಿಸಿದ ಗುಂಡಿ ನನಗೆ ಸಿಗದಿದ್ದದ್ದರಲ್ಲಿ ಆಶ್ಚರ್ಯವೇನಿಲ್ಲ: ಅವರದು ಒಂದು ಕಾಲದ ಗಿಂಪ್, ನನ್ನದು ಇನ್ನೊಂದು.

ಮೂರನೆಯ ಪ್ರಶ್ನೆಗೆ ನಾನು ವಿವರವಾಗಿ ಬರೆದೆ. ಅಮ್ಮನ ಫೋಟೊ, ದೊಡ್ಡದಾಗಿ ಮುದ್ರಿಸಬೇಕು, ಪಕ್ಕದವರು ಬೇಡ. ಸ್ಕ್ಯಾನ್ ಮಾಡಿದ ಚಿತ್ರವನ್ನೂ ಕಳಿಸಿದೆ. ಅವರ ಮರುಮಾತು ಚಿಕ್ಕದಾಗಿತ್ತು: "ಅಳಿಸುವುದೇಕೆ? ಕತ್ತರಿಸಿ."

ಹೌದಲ್ಲ! ಅಪರಿಚಿತರು ನಿಂತದ್ದು ಅಂಚಿನಲ್ಲಿ. ಅಚ್ಚಿನ ಉದ್ದಗಲಗಳ ಅನುಪಾತ ಎರಡಕ್ಕೆ ಮೂರು. ಅಂಚು ಕತ್ತರಿಸುವ ಕ್ರಾಪ್ ಸಲಕರಣೆಯ ಆಯ್ಕೆಗಳಲ್ಲಿ ಅನುಪಾತವನ್ನು 2:3 ಎಂದು ಕಟ್ಟಿಹಾಕಿದರೆ ಚೌಕಟ್ಟನ್ನು ಹೇಗೆ ಎಳೆದರೂ ಅದೇ ಆಕಾರ ಉಳಿಯುತ್ತದೆ. ಬಲ ಅಂಚನ್ನು ಒಳಕ್ಕೆ ತಂದು, ಮೇಲಿನ ಖಾಲಿ ಗೋಡೆಯನ್ನು ಅಷ್ಟೇ ಪ್ರಮಾಣದಲ್ಲಿ ಬಿಟ್ಟುಕೊಟ್ಟರೆ ಮುಗಿಯಿತು. ಅಪರಿಚಿತರ ಮೊಣಕೈಯ ತುದಿ ಮಾತ್ರ ಉಳಿಯಿತು. ಒಬ್ಬ ಮನುಷ್ಯನನ್ನು ಅಳಿಸಿ ಅವನ ಹಿಂದೆ ಇದ್ದಿರಬಹುದಾದ ಗೋಡೆಯನ್ನು ಕಟ್ಟುವುದೆಲ್ಲಿ, ಒಂದು ಮೊಣಕೈ ಮುಚ್ಚುವುದೆಲ್ಲಿ! ನಾನು ಕೇಳುತ್ತಿದ್ದದ್ದು ಉಪಾಯವನ್ನು, ಅವರು ಕೇಳಿದ್ದು ಉದ್ದೇಶವನ್ನು. ಉದ್ದೇಶ ತಿಳಿಯದೆ ಉಪಾಯ ಹೇಳುವವರು ನಮ್ಮನ್ನು ದೂರದ ದಾರಿಗೆ ಹಚ್ಚುತ್ತಾರೆ. ಅದು ಅವರ ತಪ್ಪಲ್ಲ; ಕೇಳಿದ್ದಕ್ಕೆ ಅವರು ಉತ್ತರ ಕೊಟ್ಟಿರುತ್ತಾರೆ ಅಷ್ಟೇ.

ಸ್ಕ್ಯಾನ್ ಬಗ್ಗೆ ಒಂದು ಮಾತು. ನಾನು ಅಂಗುಲಕ್ಕೆ 600 ಚುಕ್ಕಿಗಳಂತೆ ಸ್ಕ್ಯಾನ್ ಮಾಡಿಸಿದ್ದರಿಂದ ಚಿತ್ರ 2400ಕ್ಕೆ 3600 ಪಿಕ್ಸೆಲ್ ಇತ್ತು. ಮುದ್ರಣಕ್ಕೆ ಅಂಗುಲಕ್ಕೆ 300 ಸಾಕು. ಅಂದರೆ ಇದೇ ಚಿತ್ರ ಎಂಟು ಅಂಗುಲಕ್ಕೆ ಹನ್ನೆರಡು ಅಂಗುಲದಷ್ಟು ದೊಡ್ಡದಾಗಿ, ಎಲ್ಲೂ ಹಿಗ್ಗಿಸದೆ, ಅಚ್ಚಾಗಬಲ್ಲದು. ಕ್ರಾಪ್ ಮಾಡಿದ ಮೇಲೆ ಸ್ವಲ್ಪ ಕಡಿಮೆ. ಮೊಬೈಲಿನಲ್ಲಿ ಫೋಟೊದ ಫೋಟೊ ತೆಗೆದಿದ್ದರೆ ಹೊಳಪಿನ ಕಾಗದದ ಮೇಲೆ ಬೆಳಕು ಪ್ರತಿಫಲಿಸಿ, ಅಂಚುಗಳು ವಾಲಿ, ಮೊದಲ ಅರ್ಧ ದಿನ ಅದನ್ನು ನೆಟ್ಟಗೆ ಮಾಡುವುದರಲ್ಲೇ ಹೋಗುತ್ತಿತ್ತು.

ಮುಂದೆ ಬಣ್ಣ. ಹಳೆಯ ಬಣ್ಣದ ಫೋಟೊಗಳು ಕೆಂಪಗಾಗಲು ಕಾರಣವಿದೆ. ಆ ಕಾಗದದಲ್ಲಿ ಹಸಿರು ಬೆರೆತ ನೀಲಿ (ಸಯಾನ್), ಕೆನ್ನೇರಳೆ, ಹಳದಿ ಎಂಬ ಮೂರು ವರ್ಣದ್ರವ್ಯಗಳಿರುತ್ತವೆ. ಅನೇಕ ಹಳೆಯ ಕಾಗದಗಳಲ್ಲಿ, ಕತ್ತಲೆಯ ಪೆಟ್ಟಿಗೆಯಲ್ಲಿ ಇಟ್ಟರೂ, ಈ ಸಯಾನ್ ಬೇಗ ಸೋರಿಹೋಗುತ್ತದೆ. ಕೆಂಪು ಬೆಳಕನ್ನು ಹೀರಿಕೊಳ್ಳುವ ಕೆಲಸ ಅದರದ್ದು. ಅದು ಹೋದರೆ ಕೆಂಪಿಗೆ ತಡೆಯೇ ಇರುವುದಿಲ್ಲ. 'ಕಲರ್ಸ್' ಮೆನುವಿನಲ್ಲಿರುವ ತಾನೇತಾನಾಗಿ ಸರಿಪಡಿಸುವ 'ವೈಟ್ ಬ್ಯಾಲೆನ್ಸ್' ಒತ್ತಿ ನೋಡಿದ್ದೆ. ಅದು ಕೆಂಪು, ಹಸಿರು, ನೀಲಿ ಮೂರರಲ್ಲೂ ಎರಡು ತುದಿಗಳ ಶೇಕಡ 0.05ರಷ್ಟು ಪಿಕ್ಸೆಲ್‌ಗಳನ್ನು ಬದಿಗಿಟ್ಟು, ಉಳಿದದ್ದನ್ನು ಪೂರ್ಣ ಅಳತೆಗೆ ಎಳೆಯುತ್ತದೆ. ಚಿತ್ರದಲ್ಲಿ ನಿಜವಾದ ಬಿಳಿ, ನಿಜವಾದ ಕಪ್ಪು ಎರಡೂ ಇದ್ದರೆ ಸೊಗಸಾಗಿ ನಡೆಯುತ್ತದೆ. ಈ ಫೋಟೊದಲ್ಲಿ ಅಚ್ಚ ಬಿಳಿ ಎಂಬುದೇ ಇರಲಿಲ್ಲ. ಕೆಂಪು ಹೋಯಿತು, ಆದರೆ ಗೋಡೆ ನೀಲಿಯಾಯಿತು, ಅಮ್ಮನ ಮುಖ ಜ್ವರ ಬಂದು ಎದ್ದವರ ಮುಖದಂತೆ ಬಿಳಿಚಿಕೊಂಡಿತು.

ಇದನ್ನು ಹೇಳಿದಾಗ ಅವರು ಕೇಳಿದ ಪ್ರಶ್ನೆ ನನಗೆ ಇಷ್ಟವಾಯಿತು. "ಆ ಫೋಟೊದಲ್ಲಿ ನಿಜವಾದ ಬಣ್ಣ ಯಾವುದೆಂದು ನಿಮಗೆ ಖಂಡಿತವಾಗಿ ಗೊತ್ತಿರುವ ವಸ್ತು ಯಾವುದಿದೆ?"

ಮುಖದ ಬಣ್ಣ ನೆನಪಿನಿಂದ ಹೇಳಲಾಗದು. ಗೋಡೆಗೆ ಯಾವ ಬಣ್ಣ ಬಳಿದಿದ್ದರೋ ಯಾರಿಗೆ ಗೊತ್ತು. ಆದರೆ ಅಮ್ಮನ ಕೈಯಲ್ಲಿ ಉಕ್ಕಿನ ಪಟ್ಟಿಯ ಗಡಿಯಾರವಿತ್ತು. ಆ ಗಡಿಯಾರ ಇನ್ನೂ ಮನೆಯಲ್ಲಿದೆ. ಉಕ್ಕು ಬೂದು ಬಣ್ಣ, ಬೂದು ಎಂದರೆ ಕೆಂಪು, ಹಸಿರು, ನೀಲಿ ಮೂರೂ ಹೆಚ್ಚುಕಡಿಮೆ ಸಮ. ಬಣ್ಣ ಹೆಕ್ಕುವ ಸಲಕರಣೆಯನ್ನು ಆ ಪಟ್ಟಿಯ ಮೇಲಿಟ್ಟು ನೋಡಿದರೆ ಸೊನ್ನೆಯಿಂದ 255ರವರೆಗಿನ ಅಳತೆಯಲ್ಲಿ ಕೆಂಪು 170ರ ಆಸುಪಾಸಿನಲ್ಲಿತ್ತು, ನೀಲಿ 110ನ್ನೂ ಮುಟ್ಟಿರಲಿಲ್ಲ. ಕಣ್ಣು ಹೇಳುತ್ತಿದ್ದದ್ದನ್ನು ಅಂಕಿ ಹೇಳಿದಾಗ ಕೆಲಸ ಹಿಡಿತಕ್ಕೆ ಬರುತ್ತದೆ.

ಆಮೇಲೆ ಅದೇ 'ಕಲರ್ಸ್' ಮೆನುವಿನ 'ಲೆವೆಲ್ಸ್'. ಅಲ್ಲಿ ಒಂದು ಗುಡ್ಡದಂಥ ನಕ್ಷೆ ಕಾಣುತ್ತದೆ; ಎಡತುದಿ ಕಪ್ಪು, ಬಲತುದಿ ಬೆಳಕು, ಯಾವ ಮಟ್ಟದಲ್ಲಿ ಎಷ್ಟು ಪಿಕ್ಸೆಲ್ ಇವೆಯೋ ಅಷ್ಟು ಎತ್ತರ. ಅದರ ಕೆಳಗೆ ಎಡದಲ್ಲಿ ಕಪ್ಪು, ನಡುವೆ ಒಂದು, ಬಲದಲ್ಲಿ ಬಿಳಿ, ಹೀಗೆ ಸರಿಸಬಹುದಾದ ಮೂರು ತ್ರಿಕೋನಗಳು. ಮೇಲಿನ ಪಟ್ಟಿಯಲ್ಲಿ ಕೆಂಪನ್ನು ಮಾತ್ರ ಆರಿಸಿದಾಗ ಫೋಟೊದ ಕಾಯಿಲೆ ಏನೆಂಬುದು ನೇರವಾಗಿ ಕಂಡಿತು. ಕೆಂಪಿನ ಗುಡ್ಡವೆಲ್ಲ ಬಲಕ್ಕೆ ಒತ್ತರಿಸಿಕೊಂಡಿತ್ತು, ಎಡಭಾಗ ಬೋಳು. ನೀಲಿಯದು ತದ್ವಿರುದ್ಧ: ಬಲತುದಿಯತ್ತ ಸುಳಿದಿರಲೇ ಇಲ್ಲ. ಕೆಂಪಿನ ಕಪ್ಪು ತ್ರಿಕೋನವನ್ನು ಗುಡ್ಡ ಏಳುವ ಜಾಗಕ್ಕೆ ತಂದೆ, ನೀಲಿಯ ಬಿಳಿ ತ್ರಿಕೋನವನ್ನು ಗುಡ್ಡ ಇಳಿಯುವ ಜಾಗಕ್ಕಿಂತ ತುಸು ಹೊರಗೆ ನಿಲ್ಲಿಸಿದೆ. ಪೂರ್ತಿ ಒತ್ತಬೇಡಿ, ಅಚ್ಚ ಬಿಳಿ ಇಲ್ಲದ ಚಿತ್ರದಲ್ಲಿ ಅದನ್ನು ಹುಟ್ಟಿಸಬೇಡಿ ಎಂದು ಅವರು ಮೊದಲೇ ಎಚ್ಚರಿಸಿದ್ದರು. ನಡುವಿನ ತ್ರಿಕೋನವನ್ನು ಗಡಿಯಾರದ ಪಟ್ಟಿಯ ಅಂಕಿಗಳು ಹತ್ತಿರ ಬರುವವರೆಗೆ ಅಲುಗಾಡಿಸಿದೆ. ಪಟ್ಟಿ ಬೂದಾಯಿತು. ಕೂದಲು ಕಪ್ಪಾಯಿತು. ಮುಖಕ್ಕೆ ಮುಖದ ಬಣ್ಣ ತಾನಾಗಿಯೇ ಬಂತು, ಅದನ್ನು ನಾನು ಮುಟ್ಟಿಯೇ ಇರಲಿಲ್ಲ.

ಗೀರಿನ ಕೆಲಸಕ್ಕೆ ಬಂದಾಗ ಗಿಂಪ್ ಮುಷ್ಕರ ಹೂಡಿತು. 'ಹೀಲ್' ಎಂಬ ಸಲಕರಣೆ ಗೀರನ್ನು ಸುತ್ತಲಿನ ಬಣ್ಣಕ್ಕೆ ಬೆರೆಸಿ ಮುಚ್ಚುತ್ತದೆ. ಕಂಟ್ರೋಲ್ ಒತ್ತಿಕೊಂಡು ಚೆನ್ನಾಗಿರುವ ಜಾಗವನ್ನು ತೋರಿಸಿದೆ, ಗೀರಿನ ಮೇಲೆ ಎಳೆದೆ, ಏನೂ ಆಗಲಿಲ್ಲ. ಬ್ರಷ್ ದೊಡ್ಡದು ಮಾಡಿದೆ, ಚಿಕ್ಕದು ಮಾಡಿದೆ, ಗಿಂಪ್ ಮುಚ್ಚಿ ತೆರೆದೆ. ಜಪ್ಪಯ್ಯ ಎಂದರೂ ಅದು ಮಿಸುಕಲಿಲ್ಲ. ಪೆನ್ಸಿಲ್ ಸಲಕರಣೆಯಿಂದ ಗೀಚಿದರೆ ಅದೂ ಬೀಳಲಿಲ್ಲ.

ಗೀರಿನ ಭಾಗವನ್ನು ಮಾತ್ರ ಕತ್ತರಿಸಿ ತೆಗೆದ ಪರದೆಚಿತ್ರ ಕಳಿಸಿ, ಬ್ರಷ್ ಕೆಲಸ ಮಾಡುತ್ತಿಲ್ಲ ಎಂದೆ. ಅವರು ಅದನ್ನು ನೋಡಿದಂತೆಯೇ ಕಾಣಲಿಲ್ಲ. "ಇಡೀ ಪರದೆ ಬೇಕು. ಮೇಲಿನ ಶೀರ್ಷಿಕೆ ಸಾಲು, ಲೇಯರ್ ಪಟ್ಟಿ, ಕೆಳಗಿನ ಸಾಲು, ಎಲ್ಲ ಕಾಣಬೇಕು."

ಗಿಂಪ್‌ನಲ್ಲಿ ಬ್ರಷ್ ನಿಂತುಹೋಗಲು ಕಾರಣಗಳು ಹಲವಾರು. ನೀವು ನೋಡುತ್ತಿರುವ ಲೇಯರ್ ಒಂದು, ಪಟ್ಟಿಯಲ್ಲಿ ಆಯ್ದಿರುವ ಲೇಯರ್ ಇನ್ನೊಂದು ಇರಬಹುದು. ಲೇಯರ್‌ಗೆ ಬೀಗ ಬಿದ್ದಿರಬಹುದು. ಲೇಯರ್ ಬದಲು ಅದರ ಮಾಸ್ಕ್, ಅಂದರೆ ಲೇಯರಿನ ಯಾವ ಭಾಗ ಕಾಣಬೇಕೆಂದು ಹೇಳುವ ಮುಸುಕು, ಆಯ್ಕೆಯಾಗಿರಬಹುದು. ಬ್ರಷ್‌ನ ಅಪಾರದರ್ಶಕತೆ ಸೊನ್ನೆಗೆ ಇಳಿದಿರಬಹುದು. ಚಿತ್ರ 256 ಬಣ್ಣಗಳ 'ಇಂಡೆಕ್ಸ್ಡ್' ಬಗೆಯದ್ದಾಗಿದ್ದರೆ ಹೀಲ್ ಅದರ ಮೇಲೆ ನಡೆಯುವುದೇ ಇಲ್ಲ. ಇವೆಲ್ಲವೂ ಫೋಟೊದಲ್ಲಿ ಕಾಣುವುದಿಲ್ಲ, ಫೋಟೊದ ಸುತ್ತಲಿನ ಚೌಕಟ್ಟಿನಲ್ಲಿ ಕಾಣುತ್ತವೆ. ಶೀರ್ಷಿಕೆ ಸಾಲಿನಲ್ಲಿ ಕಡತದ ಹೆಸರು, ಬಣ್ಣದ ಬಗೆ, ಎಷ್ಟು ಲೇಯರ್, ಎಷ್ಟು ಪಿಕ್ಸೆಲ್, ಎಲ್ಲ ಬರೆದಿರುತ್ತದೆ. ನಾನು ಅಲ್ಲಿಯವರೆಗೆ ಆ ಸಾಲನ್ನು ಓದಬೇಕಾದದ್ದು ಎಂದು ತಿಳಿದವನೇ ಅಲ್ಲ. ಅವರು ಅದನ್ನೇ ಮೊದಲು ಓದುತ್ತಾರೆ.

ನನ್ನ ಪರದೆಯಲ್ಲಿ ಇವೆಲ್ಲ ಸರಿಯಾಗಿಯೇ ಇದ್ದವು. "ಚಿತ್ರ ಪೂರ್ತಿ ಕಾಣುವಂತೆ ಚಿಕ್ಕದು ಮಾಡಿ" ಎಂದರು. ಮಾಡಿದೆ. ಎಡ ಮೇಲ್ಮೂಲೆಯಲ್ಲಿ ಇರುವೆ ಸಾಲಿನಂತೆ ಹರಿದಾಡುವ ಚುಕ್ಕೆಗೆರೆಯ ಒಂದು ಪುಟ್ಟ ಚೌಕ ಕಂಡಿತು. ಆಯತ ಆರಿಸುವ ಸಲಕರಣೆ ಎಂದೋ ಅಲ್ಲಿ ಬಿಟ್ಟುಹೋದ ಆಯ್ಕೆ. ಆಯ್ಕೆ ಇರುವವರೆಗೆ ಬ್ರಷ್ ಅದರ ಒಳಗೆ ಮಾತ್ರ ಓಡುತ್ತದೆ. ನಾನು ಹಿಗ್ಗಿಸಿ ನೋಡುತ್ತಿದ್ದ ತೋಳಿನ ಜಾಗ ಅದರಿಂದ ಬಹುದೂರ. ಕಂಟ್ರೋಲ್, ಶಿಫ್ಟ್, ಎ. ಆಯ್ಕೆ ಮಾಯ. ಬ್ರಷ್ ಓಡಿತು.

ಹೀಲ್ ಮಾಡುವ ಮುಂಚೆ ಲೇಯರಿನ ಪ್ರತಿ ಮಾಡಿಕೊಳ್ಳಲು ಹೇಳಿದರು. ಖಾಲಿ ಪಾರದರ್ಶಕ ಲೇಯರ್ ಮೇಲೆ ಕೆಲಸ ಮಾಡಿದರೆ ಕಡತ ಹಗುರ ಅಲ್ಲವೇ ಎಂದು ನಾನು ಕೇಳಿದ್ದಕ್ಕೆ, ಒಂದು ಜಾಗವನ್ನು ಇನ್ನೊಂದಕ್ಕೆ ನಕಲಿಸುವ ಕ್ಲೋನ್ ಸಲಕರಣೆಗೆ ಅದು ನಡೆಯುತ್ತದೆ, ಕಾಣುವ ಎಲ್ಲ ಲೇಯರ್‌ಗಳಿಂದಲೂ ಬಣ್ಣ ಎತ್ತಿಕೊಳ್ಳುವ 'ಸ್ಯಾಂಪಲ್ ಮರ್ಜ್ಡ್' ಎಂಬುದನ್ನು ಗುರುತು ಮಾಡಿಕೊಂಡರೆ ಸಾಕು; ಹೀಲ್ ಮಾತ್ರ ಬೆರೆಸಲು ಕೆಳಗೆ ಪಿಕ್ಸೆಲ್ ಬೇಡುತ್ತದೆ ಎಂದರು. ನೇರ ಗೀರಿಗೆ ಅವರು ಹೇಳಿಕೊಟ್ಟ ಉಪಾಯ ನನಗೆ ಯಾವ ವಿಡಿಯೊದಲ್ಲೂ ಸಿಕ್ಕಿರಲಿಲ್ಲ. ಗೀರಿನ ಒಂದು ತುದಿಯಲ್ಲಿ ಒತ್ತಿ, ಶಿಫ್ಟ್ ಹಿಡಿದು ಇನ್ನೊಂದು ತುದಿಯಲ್ಲಿ ಒತ್ತಿದರೆ ಬ್ರಷ್ ನಡುವಿನ ನೇರ ಗೆರೆಯನ್ನೆಲ್ಲ ತಾನೇ ತುಂಬುತ್ತದೆ. ಬ್ರಷ್ ಗೀರಿಗಿಂತ ಸ್ವಲ್ಪವೇ ಅಗಲ, ಅಂಚು ಮೆತ್ತಗೆ. ತೋಳಿನ ಚರ್ಮದ ಮೇಲೆ, ಗೋಡೆಯ ಮೇಲೆ ಗೀರು ಇದ್ದ ಗುರುತೇ ಉಳಿಯಲಿಲ್ಲ.

ಚರ್ಮ ಮುಗಿದು ಗೋಡೆ ಶುರುವಾಗುವ ಅಂಚಿನಲ್ಲಿ ಮಾತ್ರ ಹೀಲ್ ಎರಡೂ ಬಣ್ಣಗಳನ್ನು ಕಲಸಿ ಮಸಿ ಬಳಿದಂತೆ ಮಾಡಿತು. ಅದು ಹೀಲ್‌ನ ಸ್ವಭಾವ. ಅಲ್ಲಿ ಕ್ಲೋನ್ ಹಿಡಿಯಬೇಕು. ಅದು ಬೆರೆಸುವುದಿಲ್ಲ, ಇದ್ದದ್ದನ್ನು ಇದ್ದಂತೆ ನಕಲು ಮಾಡುತ್ತದೆ. ಅಂಚಿನ ಮೇಲೆಯೇ ಮೂಲಬಿಂದು ಇಟ್ಟು, ಅಂಚಿನ ಮೇಲೆಯೇ ನಕಲಿಸಿದರೆ ಗೆರೆ ಕೂಡಿಕೊಳ್ಳುತ್ತದೆ.

ಅವರನ್ನು ಹೆಜ್ಜೆಹೆಜ್ಜೆಗೂ ಕಾಡುವುದು ನನಗೂ ಸಂಕೋಚ. ಗಿಂಪ್ ಒಳಗೇ ಇರುವ ನೆರವನ್ನು ಬಳಸಲು ಕಲಿತದ್ದು ಆ ಸಂಕೋಚದಿಂದ. ಕೀಲಿಮಣೆಯಲ್ಲಿ ಓರೆಗೆರೆಯ (/) ಕೀಲಿ ಒತ್ತಿದರೆ ಒಂದು ಹುಡುಕು ಪೆಟ್ಟಿಗೆ ತೆರೆಯುತ್ತದೆ. 'ಸ್ಕೇಲ್' ಎಂದು ಬರೆದರೆ ಅದು ಯಾವ ಮೆನುವಿನಲ್ಲಿ ಅಡಗಿದ್ದರೂ ಎದುರಿಗೆ ಬರುತ್ತದೆ. ಪರದೆಯ ತಳದ ಸಾಲು, ಕೈಯಲ್ಲಿರುವ ಸಲಕರಣೆಯನ್ನು ಕಂಟ್ರೋಲ್, ಶಿಫ್ಟ್‌ಗಳ ಜೊತೆ ಬಳಸಿದರೆ ಏನಾಗುತ್ತದೆ ಎಂದು ಸದಾ ಹೇಳುತ್ತಲೇ ಇರುತ್ತದೆ. ಎಫ್1 ಒತ್ತಿದರೆ ಕೈಪಿಡಿ. ಅದರ ಗದ್ಯ ಒಣ ಕಟ್ಟಿಗೆ, ಆದರೆ ಸುಳ್ಳು ಹೇಳುವುದಿಲ್ಲ, ಅವಸರ ಪಡಿಸುವುದಿಲ್ಲ. ಯಾವ ಸಲಕರಣೆ ಎಂಬುದು ಗೊತ್ತಾದ ಮೇಲೆ ಹೇಗೆ ಎಂಬುದಕ್ಕೆ ಕೈಪಿಡಿ ಸಾಕು. ಯಾವುದು ಎಂಬುದಕ್ಕೆ ಮಾತ್ರ ಮನುಷ್ಯರು ಬೇಕು.

ನಡುವೆ ಇನ್ನೊಂದು ಚಿಲ್ಲರೆ ಕೆಲಸ ಬಂತು. ಅರ್ಜಿಯೊಂದಕ್ಕೆ ನನ್ನದೇ ಭಾವಚಿತ್ರ, 35 ಮಿಲಿಮೀಟರ್ ಅಗಲ, 45 ಎತ್ತರ, ಕಡತ 50 ಕಿಲೊಬೈಟ್ ಮೀರಬಾರದು. ಮೊಬೈಲಿನಲ್ಲಿ ತೆಗೆದದ್ದನ್ನು ಹಾಗೆಯೇ ಇಟ್ಟುಕೊಂಡು ಗುಣಮಟ್ಟದ ಅಂಕಿಯನ್ನು ಇಳಿಸುತ್ತಾ ಹೋದರೆ ಮುಖ ಚೌಕಚೌಕವಾಗಿ ಒಡೆಯುತ್ತದೆ, ಏಕೆಂದರೆ ಜೆಪೆಗ್ ಚಿತ್ರವನ್ನು 8ಕ್ಕೆ 8 ಪಿಕ್ಸೆಲ್‌ಗಳ ಚೌಕಗಳಾಗಿ ಮಾಡಿ ಒತ್ತುತ್ತದೆ. ಮೊದಲು ಪಿಕ್ಸೆಲ್ ಕಡಿಮೆ ಮಾಡಬೇಕು. ಅಂಗುಲಕ್ಕೆ 300ರ ಲೆಕ್ಕದಲ್ಲಿ ಆ ಅಳತೆಗೆ 413ಕ್ಕೆ 531 ಪಿಕ್ಸೆಲ್ ಸಾಕು. ಅಷ್ಟಕ್ಕೆ ಇಳಿಸಿ, ಎಕ್ಸ್‌ಪೋರ್ಟ್ ಪೆಟ್ಟಿಗೆಯಲ್ಲಿ ಮುನ್ನೋಟವನ್ನು ಗುರುತು ಮಾಡಿದರೆ ಕಡತದ ಗಾತ್ರ ಕಣ್ಣೆದುರೇ ಕಾಣುತ್ತದೆ; ಗುಣಮಟ್ಟವನ್ನು ತುಸು ಇಳಿಸಿದರೆ ಮುಗಿಯಿತು. ಮೂಲ ಚಿತ್ರವನ್ನು ಅವರಿಗೆ ತೋರಿಸಿದಾಗ ಬಂದ ಉತ್ತರದಲ್ಲಿ ಮುಖದ ಬಗ್ಗೆ ಒಂದು ಮಾತೂ ಇರಲಿಲ್ಲ. "ಈ ಕಡತದೊಳಗೆ ನಿಮ್ಮ ಮನೆಯ ಅಕ್ಷಾಂಶ, ರೇಖಾಂಶ ಕೂತಿದೆ. ಕಳಿಸುವ ಮುಂಚೆ ಎಕ್ಸಿಫ್ ಗುರುತು ತೆಗೆಯಿರಿ." ಎಕ್ಸಿಫ್ ಎಂದರೆ ಕ್ಯಾಮೆರಾ ಫೋಟೊದ ಕಡತದೊಳಗೆ ಬರೆದಿಡುವ ವಿವರಗಳು. ಮೊಬೈಲಿನಲ್ಲಿ ಸ್ಥಳದ ಸೌಲಭ್ಯ ತೆರೆದಿದ್ದರೆ ಪ್ರತಿ ಫೋಟೊದೊಳಗೂ ಅದು ದಾಖಲಾಗುತ್ತದೆ. ಎಕ್ಸ್‌ಪೋರ್ಟ್ ಪೆಟ್ಟಿಗೆಯಲ್ಲೇ ಅದನ್ನು ಬಿಡುವ ಆಯ್ಕೆ ಇದೆ. ನೆರವು ಕೇಳುತ್ತಾ ಗುರುತಿಲ್ಲದವರಿಗೆ ಮೂಲ ಕಡತಗಳನ್ನು ಕಳಿಸುವವರು ಇದನ್ನು ಗಮನಿಸಬೇಕು.

ಅಮ್ಮನ ಫೋಟೊದ ಮೊದಲ ಅಚ್ಚು ಪರದೆಯಲ್ಲಿ ಕಂಡದ್ದಕ್ಕಿಂತ ಮಂಕಾಗಿ ಬಂತು. ಪರದೆ ಸ್ವತಃ ಬೆಳಗುತ್ತದೆ, ಕಾಗದಕ್ಕೆ ಆ ಬೆಳಕಿಲ್ಲ. ನನ್ನ ಪರದೆಯ ಪ್ರಖರತೆಯಂತೂ ಗರಿಷ್ಠದಲ್ಲಿತ್ತು. ಅದನ್ನು ಅರ್ಧಕ್ಕೆ ಇಳಿಸಿ, ಕೈಯಲ್ಲಿ ಅಚ್ಚು ಹಿಡಿದುಕೊಂಡು, ಲೆವೆಲ್ಸ್‌ನ ನಡುವಿನ ತ್ರಿಕೋನವನ್ನು ಒಂದಿಷ್ಟು ಸರಿಸಿದೆ. ಚಿಕ್ಕ ಅಳತೆಯಲ್ಲಿ ಒಂದು ಪರೀಕ್ಷೆಯ ಅಚ್ಚು ತೆಗೆಸಿ, ಒಪ್ಪಿಗೆಯಾದ ಮೇಲೆ ದೊಡ್ಡದು.

ಮುಗಿದ ಚಿತ್ರವನ್ನು ಅವರಿಗೂ ಕಳಿಸಿದೆ. ಚೆನ್ನಾಗಿದೆ ಎಂದವರು ಒಂದು ಕ್ಷಣ ಬಿಟ್ಟು, "ಮೊಣಕೈ ಮುಚ್ಚಿದ ಕಡೆ ಗೋಡೆಯ ಒಂದೇ ಕಲೆ ಎರಡು ಸಲ ಬಂದಿದೆ" ಎಂದರು. ಹಿಗ್ಗಿಸಿ ನೋಡಿದರೆ ಹೌದು, ಪಕ್ಕಪಕ್ಕದಲ್ಲೇ ಅವಳಿ ಕಲೆಗಳು. ಕ್ಲೋನ್ ಮಾಡುವಾಗ ಮೂಲಬಿಂದುವನ್ನು ಆಗಾಗ ಬದಲಿಸುತ್ತಿರಬೇಕು ಎಂಬುದು ಹೀಗೆ ಗೊತ್ತಾಯಿತು. ಅಮ್ಮನಿಗಂತೂ ಅದು ಕಂಡಿಲ್ಲ, ನಾನು ತೋರಿಸಿಯೂ ಇಲ್ಲ. ಮೊಣಕೈಯ ಕೆಲಸ ಬೇರೆಯೇ ಲೇಯರಿನಲ್ಲಿದೆ, ಎಕ್ಸ್‌ಸಿಎಫ್ ಕಡತ ಹಾಗೆಯೇ ಇದೆ. ಬಿಡುವಾದಾಗ ಆ ಒಂದು ಲೇಯರ್ ತೆಗೆದು ಮತ್ತೆ ಮಾಡಿದರಾಯಿತು.